ಒಡ್ಡು ಸುಡಿರಿ ಎಂದವಳು ನಾನೇ

ಊರಿನಲ್ಲಿ ನನಗೆ ಎರಡು ಹೆಸರು. ಎದುರಿಗೆ ಸಿಕ್ಕರೆ ಮರ್ಯಾದೆಯ ‘ಹುಳದ ಬಾಯಾರು’, ಬೆನ್ನು ತಿರುಗಿದರೆ ‘ಹುಳದಾಕಿ’. ಎರಡಕ್ಕೂ ಓಗೊಡುತ್ತೇನೆ. ಜೀವಮಾನವೆಲ್ಲ ಹುಳದ ಹಿಂದೆ ಅಲೆದವಳಿಗೆ ಇನ್ನೇನು ಹೆಸರಿಟ್ಟಾರು? ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೀಟಶಾಸ್ತ್ರದ ನೌಕರಿಯ ಮೊದಲರ್ಧದಲ್ಲಿ ನಾನು ಹುಳ ಕೊಲ್ಲುವುದನ್ನು ಕಲಿಸಿದೆ, ಉಳಿದರ್ಧದಲ್ಲಿ ಹುಳ ಉಳಿಸಲು ಜಗಳವಾಡಿದೆ. ಮೊದಲನೆಯದಕ್ಕೆ ಶಾಲು ಹೊದಿಸಿದರು, ಎರಡನೆಯದಕ್ಕೆ ನೋಟಿಸು ಕೊಟ್ಟರು. ಶಾಲು ಎಲ್ಲಿ ಹೋಯಿತೋ ಗೊತ್ತಿಲ್ಲ. ನೋಟಿಸು ಇವತ್ತಿಗೂ ಟ್ರಂಕಿನಲ್ಲಿ ಜೋಪಾನವಾಗಿದೆ.

ನಮ್ಮದು ಕುಂದಗೋಳದ ಕಡೆಯ ಎರೆಹೊಲ. ನಾವು ಅಬ್ಬಾ ಎಂದು ಕರೆಯುತ್ತಿದ್ದ ಅಪ್ಪ ಹತ್ತಿ, ಮೆಣಸಿನಕಾಯಿ, ಹಿಂಗಾರಿಗೆ ಜೋಳ, ಕುಸುಬಿ ಬೆಳೆಯುತ್ತಿದ್ದರು. ನಮ್ಮ ಹೊಲಕ್ಕೂ ಬಾಜು ಹೊಲಕ್ಕೂ ನಡುವೆ ಒಂದು ಒಡ್ಡು. ಒಡ್ಡು ಎಂದರೆ ಈಗಿನ ಹಾಗೆ ಒಂದು ಹೆಜ್ಜೆಗೆ ದಾಟುವ ಮಣ್ಣಿನ ಗೆರೆಯಲ್ಲ. ಮೇಲೆ ಬಂಡಿ ಹೋಗುವಷ್ಟು ಅಗಲ, ಆಗಿನ ನನ್ನ ಎದೆಯಷ್ಟು ಎತ್ತರ. ಅದರ ಮೇಲೆ ಜಾಲಿ, ಬಾರಿಗಿಡ, ತುಂಬೆ, ಉತ್ತರಾಣಿ, ಇನ್ನೂ ಹೆಸರು ಗೊತ್ತಿಲ್ಲದ ಹತ್ತೆಂಟು ಗಿಡ. ಮಳೆ ಬಿದ್ದ ಮೇಲೆ ಜಾಲಿಯಲ್ಲಿ ಜೀರಂಗಿ ಸಿಗುತ್ತಿದ್ದವು, ಬೆನ್ನೆಲ್ಲ ಹಸಿರು ಬಂಗಾರದ ಹೊಳಪಿನ ಹುಳ. ಖಾಲಿ ಕಡ್ಡಿಪೆಟ್ಟಿಗೆಯಲ್ಲಿ ಎಲೆ ಹಾಕಿ ಒಂದನ್ನು ಇಟ್ಟುಕೊಂಡು ಸಾಲೆಗೆ ಹೋಗುತ್ತಿದ್ದೆ. ಒಂದು ದಿನ ಮಗ್ಗಿ ಹೇಳುವಾಗ ಪೆಟ್ಟಿಗೆಯೊಳಗಿಂದ ಕರಕರ ಸದ್ದು ಕೇಳಿ ಮಾಸ್ತರರು ನನ್ನ ಕಿವಿ ಹಿಂಡಿದರು. ಆಮೇಲೆ ಪೆಟ್ಟಿಗೆ ಕಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ತಾವೇ ಬಹಳ ಹೊತ್ತು ನೋಡಿದರು. ಆ ದಿನ ಮಗ್ಗಿ ಮುಂದಕ್ಕೆ ಹೋಗಲಿಲ್ಲ.

ಎಳ್ಳ ಅಮಾವಾಸ್ಯೆಗೆ ನಮ್ಮ ಸೀಮೆಯಲ್ಲಿ ಹೊಲಕ್ಕೆ ಚರಗ ಚೆಲ್ಲುತ್ತಾರೆ. ಕಡುಬು, ರೊಟ್ಟಿ, ಪಲ್ಲೆ, ಬುತ್ತಿ ಎಲ್ಲ ಕಟ್ಟಿಕೊಂಡು ಹೋಗಿ, ಒಂದಿಷ್ಟು ಕಲಸಿ, ಬೆಳೆಯ ಸುತ್ತ ಎರಚಿಕೊಂಡು ಬರುವುದು. ನಾವು ಮುಸಲ್ಮಾನರು, ಆದರೂ ಚೆಲ್ಲುತ್ತಿದ್ದೆವು. ಹೊಲ ಇದ್ದವರೆಲ್ಲ ಚೆಲ್ಲುತ್ತಾರೆ, ಅದರಲ್ಲಿ ಕೇಳುವುದೇನಿದೆ? ಒಡ್ಡಿನ ಆಚೆ ಬಾಜು ಹೊಲದ ಕಾಕಾ ‘ಹುಲ್ಲುಲ್ಲಿಗ್ಯೋ’ ಎಂದು ಚರಗದ ಕೂಗು ಹಾಕಿದರೆ ಈಚೆಯಿಂದ ಅಬ್ಬಾ ‘ಚಲಾಂಬರಿಗ್ಯೋ’ ಎನ್ನುತ್ತಿದ್ದರು. ಕಡೆಯ ಹಿಡಿ ಮಾತ್ರ ದಾದಿ, ಅಬ್ಬಾನ ತಾಯಿ, ತನ್ನ ಕೈಯಿಂದಲೇ ಒಡ್ಡಿನ ಮೇಲೆ ಚೆಲ್ಲುತ್ತಿದ್ದಳು. “ಹೊಲ ನಮ್ದು, ಒಡ್ಡ ನಮ್ದಲ್ಲ. ಅಲ್ಲಿರೂ ಮಂದಿ ಬ್ಯಾರೆ ಅದಾರ” ಎನ್ನುತ್ತಿದ್ದಳು. ಆ ಮಂದಿ ಯಾರು ಎಂದು ಕೇಳಿದರೆ ನಗುತ್ತಿದ್ದಳು. ಅವಳು ತೀರಿಕೊಂಡ ಮೇಲೆ ನಾನು ಧಾರವಾಡದಲ್ಲಿ ಕೃಷಿ ಓದಲು ಹೋದೆ, ಕೀಟಶಾಸ್ತ್ರ ಹಿಡಿದೆ, ಡಾಕ್ಟರೇಟೂ ಮಾಡಿದೆ.

ಆಗ ಕೀಟಶಾಸ್ತ್ರವೆಂದರೆ ಬಹುಮಟ್ಟಿಗೆ ಕೊಲ್ಲುವ ಶಾಸ್ತ್ರ. ಈ ಹುಳ ಏನು ತಿನ್ನುತ್ತದೆ, ಎಷ್ಟು ಹಾನಿ ಮಾಡುತ್ತದೆ, ಯಾವ ವಿಷದ ಎಣ್ಣೆ ಹೊಡೆದರೆ ಸಾಯುತ್ತದೆ. ಯಾವುದನ್ನೂ ತಿನ್ನದ ಹುಳಕ್ಕೆ ನಮ್ಮ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. ನಾನು ಹುಷಾರು ವಿದ್ಯಾರ್ಥಿನಿ. ನೌಕರಿ ಸಿಕ್ಕಿತು, ನವಲಗುಂದ, ಅಣ್ಣಿಗೇರಿ, ಕುಂದಗೋಳದ ಹಳ್ಳಿಗಳಲ್ಲೆಲ್ಲ ತಿರುಗಿದೆ. ಅಷ್ಟರಲ್ಲಿ ಒಂದು ವರ್ಷ ಹತ್ತಿಗೆ ಹಿಟ್ಟುತಿಗಣೆ ಬಿತ್ತು. ಗಿಡದ ಮೇಲೆ ಹಿಟ್ಟು ಉದುರಿಸಿದ ಹಾಗೆ ಬೆಳ್ಳಗೆ ಕೂತು ರಸ ಹೀರುವ ಕೀಟ. ಅದು ಒಡ್ಡಿನ ಕಸದಲ್ಲಿ, ಅಂದರೆ ಕಳೆಗಿಡಗಳಲ್ಲಿ, ಅಡಗಿ ಕೂತು ಮತ್ತೆ ಹತ್ತಿಗೆ ಇಳಿಯುತ್ತದೆ ಎಂದು ಕಂಡುಕೊಂಡು ನಾನೊಂದು ಕರಪತ್ರ ಬರೆದೆ. ದಪ್ಪ ಅಕ್ಷರದಲ್ಲಿ: ಒಡ್ಡಿನ ಕಸ ಕಿತ್ತು ಸುಡಿರಿ, ಒಡ್ಡು ಸ್ವಚ್ಛವಿಡಿರಿ. ಮೂಲೆಯಲ್ಲಿ ನನ್ನ ಫೋಟೊ.

ಆ ವರ್ಷಕ್ಕೆ, ಆ ಹುಳಕ್ಕೆ, ನಾನು ಬರೆದದ್ದು ಸುಳ್ಳಲ್ಲ. ಬರೆಯದೇ ಬಿಟ್ಟದ್ದು ಮೂರೇ ಪದ: ಈ ವರ್ಷ ಮಾತ್ರ.

ಹಾಳೆ ಊರೂರಿಗೆ ಹೋಯಿತು. ಹಿಟ್ಟಿನ ಗಿರಣಿ, ಸೊಸೈಟಿ, ಬಸ್‌ಸ್ಟ್ಯಾಂಡು, ಎಲ್ಲ ಗೋಡೆಯ ಮೇಲೂ ನನ್ನ ಮುಖ. ಹಿಟ್ಟುತಿಗಣೆ ಇಳಿಯಿತು, ನನಗೆ ಶಾಲು ಬಂತು. ಮೊದಲು ಒಡ್ಡು ಸುಟ್ಟವರು ನಮ್ಮ ಅಬ್ಬಾ, ಮಗಳ ಮಾತು ಮೊದಲು ತಾನು ಪಾಲಿಸಬೇಕು ಎಂಬ ಅಭಿಮಾನದಿಂದ. ಆಚೆ ಬಾಜುವಿನಿಂದ ಕಾಕಾನೂ ಸುಟ್ಟರು. ಅಲ್ಲಿಯವರೆಗೆ ನನ್ನನ್ನು ಸಲಿಗೆಯಿಂದ ‘ಏನ ಬೇ’ ಎಂದು ಕರೆಯುತ್ತಿದ್ದ ಕಾಕಾ ಅಂದಿನಿಂದ ‘ಬಾಯಾರ’ ಎನ್ನತೊಡಗಿದರು. ತಿಗಣೆ ಹೋದ ಮರುವರ್ಷವೂ ಸುಟ್ಟರು, ಅದರ ಮರುವರ್ಷವೂ ಸುಟ್ಟರು. ಸುಟ್ಟ ಒಡ್ಡಿನಲ್ಲಿ ಬೇರು ಹಿಡಿಯಲಿಲ್ಲ, ಮಳೆಗೆ ಮಣ್ಣು ಕರಗಿತು, ಕರಗಿದಷ್ಟನ್ನೂ ಟ್ರ್ಯಾಕ್ಟರು ಹೊಲಕ್ಕೆ ಸೇರಿಸಿತು. ಅದರ ಮೇಲೆ ಕಸ ಕೊಲ್ಲುವ ಎಣ್ಣೆ ಬೇರೆ ಬಂತು. ನಾನು ಆಗ ಬೇರೆ ಬೇರೆ ಊರಿನಲ್ಲಿ ಮೈಕು ಹಿಡಿದು ಭಾಷಣ ಮಾಡುತ್ತಿದ್ದೆ.

ಒಂದು ದಿನ ಅಮ್ಮನ ಫೋನು. ಅಮ್ಮ ಬೈಯುವಾಗ ಉರ್ದುವಿನಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುತ್ತಾಳೆ. ಆ ದಿನ ಕನ್ನಡಕ್ಕೆ ಬೇಗನೆ ಬಂದಳು. “ಸವತಿ ಬಳ್ಳಿ ತುಂಬ ಹೂವ ಐತಿ, ಒಂದರ ಮಿಡಿ ನಿಂತಿಲ್ಲ. ಎಲ್ಲಾ ಹಳದಿ ಆಗಿ ಉದರಾಕತ್ತಾವು. ದೊಡ್ಡ ಡಾಕ್ಟರ್ ಆಗೀಯಲ್ಲಾ, ಬಂದು ನೋಡು.”

ಹೋದೆ. ನಸುಕಿಗೆ ಎದ್ದು ಸೌತೆ ಬಳ್ಳಿಯ ಬಳಿ ಕುಳಿತು ಬಿಸಿಲೇರುವವರೆಗೂ ನೋಡಿದೆ. ಚಿಕ್ಕವಳಿದ್ದಾಗ ಆ ಬಳ್ಳಿಯ ಹತ್ತಿರ ಬಗ್ಗಿದರೆ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಈಗ ಅಷ್ಟು ಹೊತ್ತಿನಲ್ಲಿ ಬಂದದ್ದು ಒಂದೇ ಜೇನುಹುಳು, ಅದೂ ಎರಡು ಹೂವು ಮುಟ್ಟಿ ಹೋಯಿತು. ಕೆಲವು ಹೆಣ್ಣು ಹೂವಿಗೆ ನಾನೇ ಗಂಡು ಹೂವು ಕಿತ್ತು ಮುಟ್ಟಿಸಿ, ಗುರುತಿಗೆ ಕೆಂಪು ದಾರ ಕಟ್ಟಿ ಬಂದೆ. ವಾರದ ಮೇಲೆ ಅಮ್ಮ ಮತ್ತೆ ಫೋನು ಮಾಡಿದಳು. “ಕೆಂಪು ದಾರ ಕಟ್ಟಿದ್ದಷ್ಟ ಕಾಯಿ ನಿಂತಾವು. ಹುಳದ ಕೆಲಸ ನೀ ಮಾಡಿದಿ. ಇನ್ನ ದಿನಾ ಮುಂಜಾನೆ ಬಂದು ಮಾಡ್ತೀಯೇನು?”

ನಾಚಿಕೆಯಾಯಿತು. ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ, ಗೊತ್ತಿತ್ತು. ಒಡ್ಡಿನ ಪಕ್ಕದಲ್ಲಿ ಬೆರಳು ಹೋಗದಷ್ಟು ತೂತು ಕೊರೆದು ಬದುಕುವ ಒಂಟಿ ಜೇನುಗಳು, ಒಣಗಿದ ಪೊಳ್ಳು ಕಡ್ಡಿಯೊಳಗೆ ಮೊಟ್ಟೆಯಿಡುವ ಸಣ್ಣ ಜೇನುಗಳು, ಒಣ ಮರ ಕೊರೆಯುವ ಕರಿ ದುಂಬಿ, ಎಲ್ಲ ಪರೀಕ್ಷೆಗೆ ಓದಿದ್ದೆ. ಓದಿದ್ದನ್ನು ನಮ್ಮದೇ ಒಡ್ಡಿನ ಮೇಲೆ ಇಟ್ಟು ನೋಡಿರಲಿಲ್ಲ. ದಾದಿ ಹೇಳಿದ ಬೇರೆ ಮಂದಿ ಇವರೇ, ಇವರ ಮನೆಗೆ ಬೆಂಕಿ ಇಡಲು ಬರೆದು ಕೊಟ್ಟವಳು ನಾನು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ಕಚೇರಿಗೆ ಹೋಗಿ ಹೊಸ ಕರಪತ್ರ ಬರೆದು ಸಾಹೇಬರ ಮುಂದಿಟ್ಟೆ. ಮೊದಲ ಸಾಲು: ಒಡ್ಡು ಸುಡಿರಿ ಎಂದು ನಾನು ಮೊದಲು ಹೇಳಿದ್ದು ತಪ್ಪು.

ಸಾಹೇಬರು ಕನ್ನಡಕ ತೆಗೆದರು. “ಮ್ಯಾಡಮ್, ಉಗುಳಿದ್ದನ್ನ ನೆಕ್ಕೂದು ಅಂದ್ರ ಇದ ನೋಡ್ರಿ. ಹೊಸಾದು ಬರೀರಿ, ಬ್ಯಾಡ ಅನ್ನಂಗಿಲ್ಲ. ಈ ಮೊದಲನೇ ಸಾಲು ಅಷ್ಟ ತಗೀರಿ.”

“ಆ ಸಾಲು ತಗದ್ರ, ಉಳದದ್ದನ್ನ ರೈತರು ಯಾಕ ನಂಬಬೇಕ್ರಿ?”

“ರೈತರು ನಂಬೂದು ಇಲಾಖೆನ್ನ, ನಿಮ್ಮನ್ನಲ್ಲ.”

“ಗ್ವಾಡಿ ಮ್ಯಾಲ ಇರೂದು ನನ್ನ ಮಾರಿ ರೀ” ಎಂದೆ.

ಅಚ್ಚಾಗಲಿಲ್ಲ. ಸರಿ, ಅಚ್ಚು ಮಾಡಿದವರು ಅವರು, ಅಂಟಿದ್ದನ್ನು ಕೆರೆಯಲು ನನಗೆ ಯಾರ ಅಪ್ಪಣೆಯೂ ಬೇಕಿಲ್ಲ. ಒಂದು ಬಕೀಟು, ಒಂದು ತಗಡಿನ ಚೂರು, ಒಂದು ತಿಕ್ಕುವ ಬ್ರಶ್ಶು ಚೀಲದಲ್ಲಿ ಹಾಕಿಕೊಂಡು ರಜೆ ದಿನಗಳಲ್ಲಿ ಬಸ್ಸು ಹತ್ತಿದೆ. ಅಣ್ಣಿಗೇರಿಯ ಕಡೆಯ ಒಂದು ಗಿರಣಿಯಲ್ಲಿ ಜೋಳ ಬೀಸಿಸಲು ಬಂದ ಹೆಂಗಸರೆಲ್ಲ ನನ್ನ ಸುತ್ತ ನಿಂತರು. ಹಾಳೆಯ ಮೇಲಿನ ಮುಖವನ್ನೂ ನನ್ನ ಮುಖವನ್ನೂ ಒಬ್ಬಳು ಹತ್ತು ಸಲ ನೋಡಿ, “ನಿಮ್ಮ ಫೋಟೊ ನೀವ ಯಾಕ ಕೆರ್ಯಾಕತ್ತೀರಿ, ಚೊಲೋ ಬಂದಿಲ್ಲೇನ್ರಿ?” ಎಂದಳು. ಫೋಟೊ ಚಲೋ ಇದೆ, ಮಾತು ಚಲೋ ಇಲ್ಲ ಎಂದೆ. ಆಮೇಲೆ ಕೆರೆಯುತ್ತಲೇ ಅವರಿಗೆ ಸವತಿಕಾಯಿಯ ಕಥೆ ಹೇಳಿದೆ. ಹಿಟ್ಟಿನ ಗಿರಣಿ ನಡೆಯುವಾಗ ಹೇಳಿದ್ದರಿಂದ ಅರ್ಧ ಕೂಗಿಯೇ ಹೇಳಬೇಕಾಯಿತು. ಅವರಲ್ಲಿ ಮೂವರು ಸೆರಗು ಸಿಕ್ಕಿಸಿ ನನ್ನ ಜೊತೆ ಕೆರೆಯಲು ನಿಂತರು. ಹುಳದ ಮೇಲಿನ ಪ್ರೀತಿಗೆ ಅಲ್ಲ, ಅವರ ಬಳ್ಳಿಯಲ್ಲೂ ಮಿಡಿ ನಿಂತಿರಲಿಲ್ಲ.

ನೋಟಿಸು ಬಂದದ್ದು ಆಗ. ಪ್ರಚಾರ ಸಾಮಗ್ರಿಗೆ ಹಾನಿ ಮಾಡಿದ್ದೇಕೆ ಎಂದು ಕೇಳಿದ್ದರು. ಒಂದೇ ಸಾಲಿನ ಉತ್ತರ ಬರೆದೆ: ಹಾನಿ ಮಾಡಿದ್ದು ಸಾಮಗ್ರಿ, ನಾನು ಕೆರೆದೆ ಅಷ್ಟೇ. ಕಲಘಟಗಿಯ ಕಡೆ ವರ್ಗ ಮಾಡಿದರು. ಶಿಕ್ಷೆ ಎಂದು ಅವರು ತಿಳಿದಿದ್ದರು. ಅಲ್ಲಿ ಕಾಡಿನ ಸೆರಗು, ಒಂದು ಗಿಡ ಅಲ್ಲಾಡಿಸಿದರೆ ಹತ್ತು ಹುಳ ಬೀಳುವ ಜಾಗ. ನಾನು ಸುಖವಾಗಿದ್ದೆ.

ದುಮ್ಮವಾಡದಲ್ಲಿ ಒಮ್ಮೆ ಒಬ್ಬರ ಮನೆಯ ಪಡಸಾಲೆಯಲ್ಲಿ ಸಭೆ. ಎಲ್ಲ ಕಡೆ ಕೇಳುವ ಪ್ರಶ್ನೆಯನ್ನೇ ಅಲ್ಲಿಯೂ ಒಬ್ಬರು ಕೇಳಿದರು: “ಹುಳದಿಂದ ಏನ ಉಪಯೋಗ್ರಿ?” ಮೂಲೆಯಲ್ಲಿ ಕಲಘಟಗಿಯ ಬಣ್ಣದ ತೊಟ್ಟಿಲಲ್ಲಿ ಕೂಸು ಮಲಗಿತ್ತು. ತೊಟ್ಟಿಲು ತೋರಿಸಿ, ಆ ಬಣ್ಣ ಹೊಳೆಯುವುದು ಅರಗಿನಿಂದ, ಅರಗು ಮಾಡುವುದು ಮರದ ಟೊಂಗೆಗೆ ಕಚ್ಚಿಕೊಂಡ ಒಂದು ಹುಳ, ನಿಮ್ಮ ಕೂಸು ಹುಟ್ಟಿದಂದಿನಿಂದ ಹುಳದ ಉಪಕಾರದಲ್ಲೇ ಮಲಗಿದೆ ಎಂದೆ. ಎಲ್ಲರೂ ತಲೆದೂಗಿದರು. ಮನೆಗೆ ಬಂದ ಮೇಲೆ ನನಗೇ ಸಿಟ್ಟು ಬಂತು. ಉಪಯೋಗ ತೋರಿಸಿದರೆ ಮಾತ್ರ ಬದುಕಬೇಕು ಎನ್ನುವ ಲೆಕ್ಕಕ್ಕೆ ನಾನೂ ಯಾಕೆ ತಲೆಬಾಗಬೇಕು? ಯಾವ ಉಪಯೋಗಕ್ಕೂ ಬಾರದ ಎಷ್ಟೋ ಮನುಷ್ಯರಿಗೆ ನಾನು ದಿನಾ ನಮಸ್ಕಾರ ಹೇಳುತ್ತೇನೆ. ಅಂದಿನಿಂದ ಆ ಪ್ರಶ್ನೆಗೆ ನನ್ನ ಉತ್ತರ ಒಂದೇ: “ಇರಲಿ ಬಿಡ್ರಿ, ಅವೂ ಇರಲಿ.”

ನೌಕರಿ ಮುಗಿಯುವ ಹೊತ್ತಿಗೆ ಅಬ್ಬಾ ಇರಲಿಲ್ಲ, ಹೊಲ ನನ್ನ ಪಾಲಿಗೆ ಬಂತು. ಒಡ್ಡು ಆಗ ಮೊಣಕಾಲೆತ್ತರಕ್ಕೆ ಇಳಿದಿತ್ತು. ನಮ್ಮ ಬಾಜು ಮಣ್ಣು ಏರಿಸಿದೆ, ಜಾಲಿ ಬಿಟ್ಟೆ, ತುಂಬೆ ತಾನಾಗಿ ಬಂತು. ನೋಡಿದವರು ‘ಹುಳದಾಕಿ ಕಸ ಬೆಳದಾಳ’ ಎಂದು ನಕ್ಕರು. ಕೆಲವು ವರ್ಷಕ್ಕೆ ಒಡ್ಡಿನ ಪಕ್ಕೆಯಲ್ಲಿ ಮೊದಲ ತೂತುಗಳು ಕಂಡವು. ಹೊಟ್ಟೆಯ ಮೇಲೆ ನೀಲಿ ಗೀರುಗಳಿರುವ ಒಂಟಿ ಜೇನು. ಇಡೀ ಸೀಮೆಯಲ್ಲಿ ಹುಡುಕಿ ಹುಡುಕಿ ಕಾಣದೆ ಕೈಬಿಟ್ಟಿದ್ದು ಮನೆಯ ಹೊಲಕ್ಕೇ ಬಂದಿತ್ತು. ಮೊಣಕಾಲೂರಿ ಕುಳಿತು ಅತ್ತೆ, ನಾಚಿಕೆಯೇನಿಲ್ಲ.

ಆದರೆ ಒಡ್ಡಿನ ಅರ್ಧ ಕಾಕಾನದು. ಅವರು ಪ್ರತಿವರ್ಷ ಜೋಳ ಕಿತ್ತ ಮೇಲೆ ತಮ್ಮ ಅರ್ಧ ಸುಡುತ್ತಿದ್ದರು. ಬೆಂಕಿಗೆ ಅರ್ಧ ಎಲ್ಲಿ ಗೊತ್ತು? ಕಳೆದ ಬೇಸಿಗೆಯಲ್ಲಿ ಗಾಳಿ ತಿರುಗಿ ನಮ್ಮ ಅರ್ಧವೂ ಅರ್ಧದಷ್ಟು ಸುಟ್ಟಿತು. ಪೊಳ್ಳು ಕಡ್ಡಿಯ ಸಣ್ಣ ಜೇನುಗಳು ಅಲ್ಲಿಗೇ ಮುಗಿದವು. ನೀಲಿ ಗೀರಿನವು ಮಣ್ಣಿನೊಳಗಿದ್ದುದರಿಂದ ಒಂದಿಷ್ಟು ಉಳಿದವು. ಇನ್ನೊಂದು ಬೆಂಕಿ ಬಿದ್ದರೆ ಅವಕ್ಕೆ ಹತ್ತಿರದಲ್ಲಿ ಒಂದು ಹೂವೂ ಉಳಿಯುತ್ತಿರಲಿಲ್ಲ.

ಹಾಗಾಗಿ ಈ ವರ್ಷ ಕಾಕಾನ ಜೋಳ ಕಿತ್ತ ಮರುದಿನವೇ ನಾನು ಒಂದು ಸ್ಟೂಲು, ಒಂದು ತಂಬಿಗೆ ನೀರು ತೆಗೆದುಕೊಂಡು ಹೋಗಿ ಒಡ್ಡಿನ ನಟ್ಟನಡುವೆ ಕುಳಿತೆ. ಅರವತ್ತು ದಾಟಿದ ಹೆಂಗಸು ಹೊಲದ ಒಡ್ಡಿನ ಮೇಲೆ ಸ್ಟೂಲು ಹಾಕಿ ಕುಳಿತರೆ ಹೇಗೆ ಕಾಣುತ್ತದೆ ಎಂದು ನನಗೂ ಗೊತ್ತಿತ್ತು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ನೋಡಲಿ. ಮೂರನೆಯ ದಿನ ಬೆಳಿಗ್ಗೆ ಕಾಕಾ ಬಂದರು, ಕೈಯಲ್ಲಿ ಕಡ್ಡಿಪೆಟ್ಟಿಗೆ. ಎಂಬತ್ತರ ಹತ್ತಿರದ ಮನುಷ್ಯ, ಬೆನ್ನು ಇನ್ನೂ ನೆಟ್ಟಗಿದೆ.

“ಏಳ್ರಿ ಬಾಯಾರ, ಒಡ್ಡ ಸುಡಬೇಕು.”

“ಏಳಂಗಿಲ್ಲ ಕಾಕಾ.”

“ನನ್ನ ಅರ್ಧ ನಾ ಸುಡ್ತೀನಿ. ನಿಮ್ಮ ಅರ್ಧದಾಗ ಕುಂದರ್ರಿ, ಯಾರು ಬ್ಯಾಡ ಅಂದಾರ?”

“ನಿಮ್ಮ ಅರ್ಧದಾಗ ಒಂದ ಕಾಲು, ನನ್ನ ಅರ್ಧದಾಗ ಒಂದ ಕಾಲು ಇಟ್ಟೀನ್ರಿ. ಸುಡೂದಾದ್ರ ಕಾಲಿಂದ ಚಾಲೂ ಮಾಡ್ರಿ.”

ಕಾಕಾನ ಮುಖ ಕೆಂಪಾಯಿತು. ಇಪ್ಪತ್ತು ವರ್ಷದಷ್ಟು ಕಾಲ ಬಾಯಾರು ಎಂದು ಕರೆದ ಬಾಯಿಯಿಂದ ಹಳೆಯ ಮಾತು ಬಂತು. “ಏಳ ಬೇ ಸುಮ್ನ!” ಎಂದವರೇ ಅಂಗಿಯ ಒಳಜೇಬಿಗೆ ಕೈ ಹಾಕಿ ಏನನ್ನೋ ತೆಗೆದು ನನ್ನ ಮುಖಕ್ಕೆ ಹಿಡಿದರು. ನಾನು ಬರೆದ ಹಾಳೆ. ಒಡ್ಡಿನ ಕಸ ಕಿತ್ತು ಸುಡಿರಿ. ಮೂಲೆಯಲ್ಲಿ ಆಗಿನ ನನ್ನ ಮುಖ. ಹುಬ್ಬಳ್ಳಿಯಲ್ಲಿ ಲ್ಯಾಮಿನೇಶನ್ ಮಾಡಿಸಿ ಇಟ್ಟುಕೊಂಡಿದ್ದರು.

“ಇದು ಯಾರ ಬರದದ್ದು? ನಮ್ಮೂರ ಹುಡುಗಿ ಬರದದ್ದಂತ ಹರೀಬಾರದು, ತೊಯ್ಯಬಾರದು ಅಂತ ಪ್ಲಾಸ್ಟಿಕ್ ಹಾಕಿಸಿ ಇಟ್ಟೀನಿ. ಗಿರಣ್ಯಾಗಿಂದು ನೀ ಕೆರದಿ ಅಂತ ಕೇಳೀನಿ. ನನ್ನ ಮನೀಗೆ ಯಾಕ ಬರಲಿಲ್ಲ? ನನಗ ಯಾಕ ಹೇಳಲಿಲ್ಲ?”

ಅಣ್ಣಿಗೇರಿ, ನವಲಗುಂದದ ಗೋಡೆಗಳಿಗೆಲ್ಲ ಹೋಗಿದ್ದೆ. ಬಾಜು ಹೊಲಕ್ಕೆ ಹೋಗಿರಲಿಲ್ಲ. ಸಾಹೇಬರ ಮುಂದೆ ತಪ್ಪು ಎನ್ನಲು ಧೈರ್ಯ ಬೇಕಿರಲಿಲ್ಲ, ಅವರ ಮೇಲೆ ನನಗೆ ಸಿಟ್ಟಿತ್ತು. ಗೊತ್ತಿಲ್ಲದ ಊರಿನ ಹೆಂಗಸರ ಮುಂದೆಯೂ ಸುಲಭ. ನನ್ನನ್ನು ಬೇ ಎಂದು ಕರೆದು ಬೆಳೆಸಿದ, ನನ್ನ ಮಾತಿಗೆ ಪ್ಲಾಸ್ಟಿಕ್ಕು ಹಾಕಿಸಿದ ಮನುಷ್ಯನ ಮುಂದೆ ಹೇಳಲು ನಾನು ಹೆದರಿದ್ದೆ.

“ತಪ್ಪ ಬರದಿದ್ದೆ ಕಾಕಾ” ಎಂದೆ. “ಒಂದ ವರ್ಷದ ಮಾತನ್ನ ಯಾವಾಗ್ಲೂ ಅನ್ನೂಹಂಗ ಬರದೆ. ನಿಮ್ಮದೇನೂ ತಪ್ಪಿಲ್ಲ.”

ಅಷ್ಟರಲ್ಲಿ ಬಿಸಿಲು ಒಡ್ಡಿನ ಪಕ್ಕೆಗೆ ಬಿತ್ತು. ಅವರ ಚಪ್ಪಲಿಯಿಂದ ಗೇಣು ದೂರದ ತೂತಿನಿಂದ ಒಂದು ತಲೆ ಹೊರಗೆ ಬಂತು, ಸ್ವಲ್ಪ ಹೊತ್ತು ನಿಂತಿತು, ಹಾರಿತು. ಇನ್ನೊಂದು. ಮತ್ತೊಂದು. ಕಾಕಾ ಒಂದು ಹೆಜ್ಜೆ ಹಿಂದೆ ಸರಿದರು. “ಕಡೀತಾವೇನು?”

“ಹಿಡದ್ರ ಕಡೀತಾವು. ಬಿಟ್ರ ತಮ್ಮ ಕೆಲಸಕ್ಕ ಹೋಗ್ತಾವು.”

“ನಿನ್ನಂಗ” ಎಂದರು. ನಗಲಿಲ್ಲ. ನೀಲಿ ಗೀರು ಕಾಣುತ್ತದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಹಾಳೆಯನ್ನು ತಿರುಗಿಸಿ, ಹಿಂಭಾಗದ ಖಾಲಿ ಜಾಗ ಮೇಲೆ ಬರುವ ಹಾಗೆ ನನ್ನ ತೊಡೆಯ ಮೇಲಿಟ್ಟರು. “ಬಾಯಿ ಮಾತು ಬ್ಯಾಡ. ಆಗ ಬರದ ಕೊಟ್ಟಿದ್ದಿ. ಈಗೂ ಬರದ ಕೊಡು.”

ಅವರ ಜೇಬಿನ ಪೆನ್ನು ಪ್ಲಾಸ್ಟಿಕ್ಕಿನ ಮೇಲೆ ಜಾರಿತು. ಎರಡು ಸಲ ಒತ್ತಿ ಗೀಚಿದೆ, ಒಂದು ಅಕ್ಷರವೂ ಮೂಡಲಿಲ್ಲ. ಕಾಕಾ ಅತ್ತಿತ್ತ ನೋಡಿ, ಒಡ್ಡಿನ ಜಾಲಿಯಿಂದ ಒಂದು ಉದ್ದನೆಯ ಮುಳ್ಳು ಮುರಿದು ಕೊಟ್ಟರು. ಮುಳ್ಳಿನಿಂದ ಒಂದೊಂದೇ ಅಕ್ಷರ ಕೊರೆದೆ. ಹಿಂದಿನದು ತಪ್ಪು. ಒಡ್ಡು ಸುಡಬ್ಯಾಡ್ರಿ. ಕೆಳಗೆ ಸಹಿ. ಕೊರೆದದ್ದು ಬೆಳ್ಳಗೆ ಕಂಡೂ ಕಾಣದ ಹಾಗಿತ್ತು. ಕಾಕಾ ಬಗ್ಗಿ ಒಂದು ಚಿಟಿಕೆ ಎರೆಮಣ್ಣು ತೆಗೆದು, ನನ್ನ ತಂಬಿಗೆಯ ನೀರಿನಲ್ಲಿ ಅದ್ದಿ, ಹೆಬ್ಬೆರಳಿನಿಂದ ಅದರ ಮೇಲೆ ತಿಕ್ಕಿ, ಧೋತರದ ಚುಂಗಿನಿಂದ ಒರೆಸಿದರು. ಅಕ್ಷರದೊಳಗೆ ಕಪ್ಪು ಕೂತಿತು. ನಾನು ಇಷ್ಟು ವರ್ಷ ಅಚ್ಚು ಮಾಡಿಸಲಾಗದ ಸಾಲು ಚಂದಾಗಿ ಓದಲು ಬಂತು.

ಅವರು ಅದನ್ನು ಕೈ ಚಾಚಿ ದೂರ ಹಿಡಿದು ಓದಿದರು, ಇನ್ನೊಮ್ಮೆ ಓದಿದರು. “ನಾಳೆ ಇದೂ ತಪ್ಪ ಅಂತ ಆದ್ರ?”

“ಆದ್ರ ಮತ್ತ ಬಂದು ಬರದ ಕೊಡ್ತೀನ್ರಿ. ಜಾಗ ಇನ್ನೂ ಐತಿ, ಮುಳ್ಳಿಗೇನೂ ಕಡಿಮಿ ಇಲ್ಲ.”

“ಒಡ್ಡ ಸುಡಂಗಿಲ್ಲ ತಗೋ ಬೇ” ಎಂದರು ಕಾಕಾ. ಹಾಳೆಯನ್ನು ಒಳಜೇಬಿಗೆ ಹಾಕಿಕೊಂಡು, ಕಡ್ಡಿಪೆಟ್ಟಿಗೆಯನ್ನು ನನ್ನ ಕೈಯಲ್ಲಿಟ್ಟು ತಮ್ಮ ಹೊಲದ ಕಡೆ ಇಳಿದು ಹೋದರು.